ಅವಿರೋಧದ ಊರಿನಲ್ಲಿ ಅಮೀನಾಬಿ

ಕಳ್ಳಿಪಾಳ್ಯದ ಅಮೀನಾಬಿಗೆ ಮೆಲ್ಲಗೆ ಮಾತಾಡಲು ಬರುತ್ತಿರಲಿಲ್ಲ. ಅದು ಹುಟ್ಟುಗುಣವಲ್ಲ, ಕಸುಬಿನಿಂದ ಅಂಟಿದ್ದು. ಅವಳು ಶಿರಾ ಪೇಟೆಯಿಂದ ಮದುವೆಯಾಗಿ ಈ ಊರಿಗೆ ಬಂದ ವರ್ಷವೇ ಗಂಡ ನಿಯಾಜ್ ಅಹಮದ್ ಹಿಟ್ಟಿನ ಮಿಲ್ಲು ಹಾಕಿದ. ಅಂದಿನಿಂದ ಆ ಮಿಲ್ಲಿನ ಗಡಗಡ ಸದ್ದಿನ ಮೇಲೆ ರಾಗಿಯೋ ಜೋಳವೋ, ನುಣ್ಣಗೋ ತರಿಯೋ ಎಂದು ಕೂಗಿ ಕೂಗಿ ಅವಳ ಗಂಟಲು ಒಂದೇ ಎತ್ತರದಲ್ಲಿ ನಿಂತುಬಿಟ್ಟಿತ್ತು. ಕರೆಂಟು ಹೋಗಿ ಮಿಲ್ಲು ನಿಂತರೂ ದನಿ ಇಳಿಯುತ್ತಿರಲಿಲ್ಲ. ಮಜ್ಜಿಗೆ ಹುಳಿಯಾಗಿದೆ ಎಂದು ಅವಳು ಗಂಡನಿಗೆ ಹೇಳಿದರೆ ಆಚೆ ಬೀದಿಯವರು ತಮ್ಮ ಮಜ್ಜಿಗೆಯನ್ನೂ ಒಮ್ಮೆ ಮೂಸಿ ನೋಡುತ್ತಿದ್ದರು.

ಅಂಥವಳು ಸದ್ದಿಲ್ಲದೆ ಮಾಡುತ್ತಿದ್ದ ಕೆಲಸ ಒಂದೇ. ಓಟು ಹಾಕುವುದು.

ಮೊದಲ ಸಲ ಹಾಕಿದಾಗ ಅವಳಿಗೆ ಹತ್ತೊಂಬತ್ತು. ಓಟಿನ ವಯಸ್ಸನ್ನು ಇಪ್ಪತ್ತೊಂದರಿಂದ ಹದಿನೆಂಟಕ್ಕೆ ಇಳಿಸಿದ್ದು ಅದೇ ವರ್ಷ. ಹೊಸ ಸೊಸೆ, ಅತ್ತೆ ಮುಂದೆ, ಇವಳು ಹಿಂದೆ. ಯಾವ ಗುರುತಿಗೆ ಒತ್ತಬೇಕೆಂದು ಅತ್ತೆ ಮನೆಯಿಂದ ಸ್ಕೂಲಿನ ಗೇಟಿನವರೆಗೂ ಪಾಠ ಮಾಡಿದಳು. ಒಳಗೆ ಹೋದ ಮೇಲೂ ಬಿಡದೆ ಸೊಸೆಯ ಬೆನ್ನಿಗೇ ರಟ್ಟಿನ ಮರೆಯತ್ತ ನಡೆದಾಗ, ಮೇಜಿನ ಹಿಂದೆ ಕೂತಿದ್ದ ಮೇಷ್ಟ್ರು, "ಅಮ್ಮಾ, ಅಲ್ಲಿಗೆ ಒಬ್ಬೊಬ್ರೇ ಹೋಗ್ಬೇಕು, ನೀವು ಈ ಕಡೆ ಬನ್ನಿ" ಎಂದು ತಡೆದರು. ಅಮೀನಾಬಿಗೆ ನಂಬಲಾಗಲಿಲ್ಲ. ಅವಳ ಹಿಂದೆ ಬರುವವರನ್ನು ಯಾರಾದರೂ ತಡೆದು ನಿಲ್ಲಿಸಿದ್ದು ಅದೇ ಮೊದಲು. ತವರಿನಲ್ಲಿ ಅಣ್ಣಂದಿರು, ಇಲ್ಲಿ ಅತ್ತೆ, ಹಗಲೆಲ್ಲ ರಾಗಿ ಹೊತ್ತು ಬರುವ ಜನ. ಆ ಮರೆಯೊಳಗೆ ಮಾತ್ರ ಅವಳು, ಒಂದು ಕಾಗದ, ಒಂದು ಮುದ್ರೆ. ಅತ್ತೆ ಹೇಳಿದ ಗುರುತನ್ನು ಬಿಟ್ಟು ಬೇರೆಯದಕ್ಕೆ ಒತ್ತಿ ಬಂದಳು. ಆ ಇನ್ನೊಂದರ ಮೇಲೆ ಅಭಿಮಾನವೇನಿರಲಿಲ್ಲ. ಒತ್ತಬಹುದೋ ಇಲ್ಲವೋ ನೋಡಬೇಕಿತ್ತು ಅಷ್ಟೆ.

"ಯಾವುದಕ್ಕೆ ಒತ್ತಿದೆ?" ಅತ್ತೆ ಹೊರಗೆ ಕೇಳಿದಳು.

"ನೀವು ಹೇಳಿದ್ದಕ್ಕೇ" ಎಂದಳು ಅಮೀನಾಬಿ. ಮೆಲುದನಿಯಲ್ಲಿ ಅವಳು ಆಡಿದ ಮಾತು ಬಹುಶಃ ಅದೊಂದೇ.

ಆಮೇಲೆ ಎಮ್ಮೆಲ್ಲೆ, ಎಂಪಿ ಎಂದು ಯಾವ ಚುನಾವಣೆ ಬಂದರೂ ಬಿಡದೆ ಹಾಕಿದಳು. ಆದರೆ ಊರಿನ ಓಟು, ಅಂದರೆ ಗ್ರಾಮ ಪಂಚಾಯ್ತಿಯ ಓಟು, ಕಳ್ಳಿಪಾಳ್ಯದಲ್ಲಿ ನಿಂತೇ ಹೋಗಿತ್ತು. ಹಿಂದೊಮ್ಮೆ ಪಂಚಾಯ್ತಿ ಚುನಾವಣೆಯಲ್ಲಿ ಊರು ಎರಡು ಪಾರ್ಟಿಯಾಗಿ, ಒಬ್ಬರ ಬಣವೆಗೆ ಬೆಂಕಿ ಬಿದ್ದು, ಇಬ್ಬರ ತಲೆ ಒಡೆದಿತ್ತು. ಆಗ ಊರಿನ ಹಿರಿಯ ಪರ್ವತಯ್ಯನವರು ಹಾಲಿನ ಡೈರಿಯ ಜಗುಲಿಯಲ್ಲಿ ಎಲ್ಲರನ್ನೂ ಕೂರಿಸಿ, "ನಮ್ಮೂರಿಗೆ ಇರೋದೇ ಒಂದು ಸೀಟು. ಅದಕ್ಕೆ ಒಬ್ಬರಿಗೊಬ್ಬರು ಹೊಡೆದಾಡಿ ಸಾಯೋದ್ಯಾಕೆ? ಇನ್ನು ಮೇಲೆ ಅವಿರೋಧ" ಎಂದರು. ಎಲ್ಲರಿಗೂ ಸರಿ ಕಂಡಿತು. ಮೊದಲ ಸಲ ಪರ್ವತಯ್ಯನವರೇ ಅವಿರೋಧವಾಗಿ ಆಯ್ಕೆಯಾದರು. ಎರಡನೇ ಸಲ ಅವರ ತಮ್ಮ. ಮೂರನೇ ಸಲ ಅವರ ಮಗ ಮಲ್ಲೇಶ್. ಊರಿನ ಒಗ್ಗಟ್ಟಿಗೆ ಆ ಮನೆಯ ಹೊಸ್ತಿಲು ದಾಟುವುದು ಯಾಕೋ ಇಷ್ಟವಾಗಲಿಲ್ಲ. ಪ್ರತಿ ಸಲವೂ ಹಾರ ಹಾಕಿಕೊಂಡವರ ಫೋಟೊ 'ಮಾದರಿ ಗ್ರಾಮ' ಎಂದು ಪೇಪರಿನಲ್ಲಿ ಬಂತು; ಅದನ್ನು ಡೈರಿಯ ಗೋಡೆಗೆ ಅಂಟಿಸಿದರು.

ಅಮೀನಾಬಿ ಇದರ ಬಗ್ಗೆ ಹೆಚ್ಚು ತಲೆ ಕೆಡಿಸಿಕೊಂಡವಳಲ್ಲ. ಅವಳ ತಲೆ ಕೆಡಿಸಿದ್ದು ನಲ್ಲಿ.

ಅವಳ ಬೀದಿಯ ನಲ್ಲಿಯಲ್ಲಿ ಬೇಸಿಗೆ ಬಂತೆಂದರೆ ಗಾಳಿ ಮಾತ್ರ ಬರುತ್ತಿತ್ತು. ಪೈಪು ಎಲ್ಲೋ ಒಡೆದಿದೆ, ಮಲ್ಲೇಶನಿಗೆ ಹೇಳಬೇಕು ಎಂದು ಬೀದಿಯವರೆಲ್ಲ ಒಬ್ಬರಿಗೊಬ್ಬರು ಹೇಳಿಕೊಂಡರು, ಮಲ್ಲೇಶನಿಗೆ ಮಾತ್ರ ಯಾರೂ ಹೇಳಲಿಲ್ಲ. ಒಂದು ದಿನ ಅವನು ಬೈಕಿನಲ್ಲಿ ಮಿಲ್ಲಿನ ಮುಂದೆ ಹಾಯುವಾಗ ಅಮೀನಾಬಿಯೇ ಅಡ್ಡ ನಿಂತಳು.

"ಮಲ್ಲೇಶಪ್ಪ, ನಲ್ಲೀಲಿ ನೀರು ಬಂದು ತಿಂಗಳಾಯ್ತು. ನೀನು ಮೆಂಬರ್ರು, ನೀನು ನೋಡ್ದೆ ಇನ್ಯಾರು ನೋಡ್ಬೇಕು?"

ದನಿ ಎಂದಿನದೇ. ಹೋಟೆಲಿನ ಮುಂದೆ ಕೂತಿದ್ದವರೆಲ್ಲ ತಿರುಗಿ ನೋಡಿದರು. ಮಲ್ಲೇಶನಿಗೆ ಮುಖಕ್ಕೆ ಹೊಡೆದಂತಾಯಿತು. "ಅಮೀನಕ್ಕ, ರೋಡಲ್ಲಿ ನಿಂತು ಇಂಗೆ ಕೂಗಾಡ್ತೀರಲ್ಲ," ಎಂದ. "ನಾನೇನು ನಿಮ್ಮ ಮನೆ ಬಾಗ್ಲಿಗೆ ಬಂದು ಓಟು ಕೇಳಿದ್ನಾ?"

ಬೈಕು ಹೋಯಿತು. ಹೋಟೆಲಿನವರು ನಕ್ಕರು. ಅಮೀನಾಬಿ ನಗಲಿಲ್ಲ. ಒಳಗೆ ಬಂದು ಹಿಟ್ಟು ತುಂಬುತ್ತಾ ಯೋಚಿಸಿದಳು. ಅವನು ಬೈದಿರಲಿಲ್ಲ, ಸುಳ್ಳೂ ಹೇಳಿರಲಿಲ್ಲ. ಅದೇ ಅವಳನ್ನು ಚುಚ್ಚಿದ್ದು. ನಿಜಕ್ಕೂ ಅವನು ಕೇಳಿರಲಿಲ್ಲ. ಅವನಪ್ಪನೂ ಕೇಳಿರಲಿಲ್ಲ. ಕೇಳದವರನ್ನು ಅವಳು ಏನೆಂದು ಕೇಳಬೇಕು?

ಮುಂದಿನ ಪಂಚಾಯ್ತಿ ಚುನಾವಣೆ ಬಂದದ್ದು ಕೊರೊನಾ ವರ್ಷದ ಕೊನೆಗೆ. ಕಳ್ಳಿಪಾಳ್ಯದ ಸೀಟು ಈ ಸಲ ಹೆಂಗಸರಿಗೆ ಮೀಸಲು ಎಂದಾಯಿತು. ಡೈರಿಯ ಜಗುಲಿಯಲ್ಲಿ ಮಾಸ್ಕನ್ನು ಗದ್ದಕ್ಕೆ ಇಳಿಸಿಕೊಂಡು ಕೂತ ಗಂಡಸರೆಲ್ಲ ಸೇರಿ ಯಾವ ಹೆಂಗಸೆಂದು ತೀರ್ಮಾನಿಸಿದರು. ಮಲ್ಲೇಶನ ಹೆಂಡತಿ ಯಶಸ್ವಿನಿ. ಆಗ ಯಶಸ್ವಿನಿ ಮನೆಯಲ್ಲಿ ಅಕ್ಕಿ ಆರಿಸುತ್ತಿದ್ದಳು. ತಾನು ಆಯ್ಕೆಯಾದದ್ದು ಅವಳಿಗೆ ಗೊತ್ತಾಗಿದ್ದು ಸಂಜೆ.

ಅವತ್ತು ಊಟಕ್ಕೆ ಕೂತಾಗ ಅಮೀನಾಬಿ ಗಂಡನಿಗೆ, ತಾನು ನಾಮಪತ್ರ ಹಾಕುವುದಾಗಿ ಹೇಳಿದಳು.

ನಿಯಾಜ್ ಅಹಮದ್ ಎತ್ತಿದ ತುತ್ತನ್ನು ತಟ್ಟೆಗೆ ಇಳಿಸಿದ. ಮಿತಭಾಷಿ, ಅಂಜುಬುರುಕ ಎಂದರೂ ತಪ್ಪಿಲ್ಲ. "ನಕ್ಕೋ ಅಮೀನಾ, ಬೇಡ," ಎಂದ. "ಈ ಊರಲ್ಲಿ ನಮ್ಮವು ಇರೋದೇ ನಾಲ್ಕು ಮನೆ. ಅವ್ರ ರಾಗಿ ಬೀಸಿ ಬದುಕ್ತಾ ಇದ್ದೀವಿ. ನೀನು ಗೆಲ್ಲೋದುಂಟಾ?"

"ಗೆಲ್ಲೋದು ಯಾರಿಗೆ ಬೇಕ್ರೀ? ಆ ಯಶಸ್ವಿನಿ ಓದಿದ ಹುಡುಗಿ, ಅವಳೇ ಗೆಲ್ಲಲಿ. ಇಬ್ರು ನಿಂತ್ರೆ ಓಟು ಆಗ್ತದೆ. ಓಟು ಆದ್ರೆ ಬಂದು ಕೇಳ್ತಾರೆ. ನಂಗೆ ಅಷ್ಟು ಸಾಕು."

"ನಾನು ಮಾತ್ರ ಪರ್ವತಯ್ಯನೋರಿಗೆ ಮಾತು ತಪ್ಪೋನಲ್ಲ. ನನ್ನ ಓಟು ನಿಂಗಿಲ್ಲ."

"ಬೇಡ. ಹೋಗಿ ಹಾಕಿದ್ರೆ ಸಾಕು."

ಈ ಮಾತುಕತೆಯನ್ನು ಮರುದಿನ ಬೆಳಗ್ಗೆ ಡೈರಿಯಲ್ಲಿ ಹಾಲು ಹಾಕಲು ಬಂದವರೆಲ್ಲ ಶಬ್ದಕ್ಕೆ ಶಬ್ದ ಹೇಳುತ್ತಿದ್ದರು.

ನಾಮಪತ್ರಕ್ಕೆ ಊರಿನ ಒಬ್ಬ ಸೂಚಕ ಬೇಕು. ಪಕ್ಕದ ಮನೆಯ ಚಿಕ್ಕನರಸಯ್ಯ ಒಪ್ಪಿದ. ಅವನಿಗೂ ಪರ್ವತಯ್ಯನವರಿಗೂ ಹೊಲದ ಬದುವಿನ ಜಗಳ ಹಳೆಯದು. ಆದರೆ ಧೈರ್ಯಕ್ಕೂ ಅವನು ಒಂದು ಬದು ಹಾಕಿಕೊಂಡಿದ್ದ. "ಸೈನು ಹಾಕ್ತೀನಿ ಕಣಮ್ಮ, ಓಟು ಮಾತ್ರ ಕೇಳ್ಬೇಡ. ಸೈನು ಊರಿಗೆ ಗೊತ್ತಾಗ್ತದೆ, ನಾಳೆ ಬೈದ್ರೆ 'ಸೈನು ಹಾಕ್ದೆ, ಓಟು ನಿಮಗೇ ಹಾಕ್ದೆ' ಅಂದ್ಬುಡ್ತೀನಿ." ಹೀಗೆ ಗಂಡನ ಓಟೂ ಸೂಚಕನ ಓಟೂ ಇಲ್ಲದ ಅಭ್ಯರ್ಥಿಯಾಗಿ ಅಮೀನಾಬಿ ಕಣಕ್ಕಿಳಿದಳು.

ನಾಮಪತ್ರ ವಾಪಸು ತೆಗೆಸಲು ಪರ್ವತಯ್ಯನವರೇ ಮಿಲ್ಲಿಗೆ ಬಂದರು. ಬಿಳಿ ಪಂಚೆ, ಹಣೆಯಲ್ಲಿ ವಿಭೂತಿ, ದೊಡ್ಡ ಮನುಷ್ಯರು. ಕೆಟ್ಟವರಲ್ಲ, ಅವಳ ಮಗಳು ಐಮನ್‌ಳ ಮದುವೆಗೆ ಶಾಮಿಯಾನ ಹಾಕಿಸಿದ್ದು ಅವರೇ. ನಿಯಾಜ್ ಅಹಮದ್ ಮಿಲ್ಲು ನಿಲ್ಲಿಸಿ ಕುರ್ಚಿ ಒರೆಸಿಕೊಟ್ಟ.

"ಅಮೀನಮ್ಮ, ನಿಂಗೆ ನಲ್ಲಿ ತಾನೇ ಬೇಕು? ನಾಳೇನೇ ರಿಪೇರಿ ಮಾಡಿಸ್ತೀನಿ. ಊರು ಒಡೀಬೇಡ ಕಣಮ್ಮ."

"ನಾನ್ಯಾಕೆ ಒಡೀಲಿ ಯಜಮಾನ್ರೇ? ನಿಮ್ಮ ಸೊಸೆಗೇ ಓಟು ಹಾಕಿ ಅಂತ ಬೇಕಾದ್ರೆ ನಾನೇ ಹೇಳ್ತೀನಿ. ಆದ್ರೆ ಹಾಕ್ಲಿ. ಎಮ್ಮೆಲ್ಲೆ ಎಲೆಕ್ಷನ್‌ನಾಗೆ ನನ್ನ ಓಟು ಹೊಳೇಲಿ ಹುಣಸೆಹಣ್ಣು ತೊಳ್ದಂಗೆ. ಇಲ್ಲಾದ್ರೆ ಹಾಕ್ದೋರೂ ಕಾಣ್ತಾರೆ, ಹಾಕಿಸ್ಕೊಂಡೋರೂ ಕಾಣ್ತಾರೆ."

"ಎಲ್ರೂ ಒಪ್ಪಿರೋವಾಗ ಓಟು ಯಾತಕ್ಕಮ್ಮ?"

"ಎಲ್ರೂ ಒಪ್ಪಿದ್ರೆ ಭಯ ಯಾತಕ್ಕೆ ಯಜಮಾನ್ರೇ?"

ಅಮೀನಾಬಿ ಇದನ್ನು ವಾದ ಗೆಲ್ಲಲೆಂದು ಕೇಳಿದ್ದಲ್ಲ. ನಿಜವಾಗಿ ಗೊತ್ತಾಗದೆ ಕೇಳಿದ್ದಳು. ಪರ್ವತಯ್ಯನವರು ಕಾಫಿ ಕುಡಿಯದೆ ಎದ್ದರು.

ಮರುದಿನದಿಂದ ಮಿಲ್ಲಿಗೆ ರಾಗಿ ಬರುವುದು ನಿಂತಿತು. ಯಾರೂ ಬಹಿಷ್ಕಾರ ಎಂದು ಡಂಗುರ ಹೊಡೆಯಲಿಲ್ಲ, ಸುಮ್ಮನೆ ಬರಲಿಲ್ಲ. ನಿಯಾಜ್ ಅಹಮದ್ ಮೂರು ಹೊತ್ತೂ ಬಾಗಿಲು ನೋಡುತ್ತಾ ಕೂತ. ಹೆಂಡತಿಯನ್ನು ಒಂದು ಮಾತೂ ಅನ್ನಲಿಲ್ಲ. ಅಂದಿದ್ದರೇ ವಾಸಿಯಿತ್ತು ಅನ್ನಿಸಿತು ಅವಳಿಗೆ. ವಾಪಸು ತೆಗೆದುಬಿಡಲೇ ಎಂದು ಒಮ್ಮೆ ಕೇಳಿಯೂ ಕೇಳಿದಳು. ಅವನು, "ರಾಗಿ ಹೊತ್ಕೊಂಡು ಮದಲೂರು ದಾರೀಲಿ ಹೋಗ್ತಾ ಇರೋರನ್ನ ನೋಡ್ದೆ. ಎಷ್ಟು ದಿನ ಹೊರ್ತಾರೋ ನೋಡಾಣ" ಎಂದ. ಒಗ್ಗಟ್ಟಿಗೂ ಒಂದು ತೂಕ ಇರುತ್ತದೆ. ಇಪ್ಪತ್ತು ಕೆಜಿ ರಾಗಿಯನ್ನು ಬಿಸಿಲಲ್ಲಿ ಹೊತ್ತು ಬೇರೆ ಊರಿನ ಮಿಲ್ಲಿಗೆ ಹೋಗಿ ಬಂದವರ ಕುತ್ತಿಗೆಗೆ ಅದು ವಾರದೊಳಗೆ ತಿಳಿಯಿತು. ಮೊದಲು ವಾಪಸು ಬಂದವರು ಪರ್ವತಯ್ಯನವರ ಹೆಂಡತಿ ಕರಿಬಸಮ್ಮನೇ. "ಆ ಮಿಲ್ಲಿನೋನು ಹಿಟ್ಟಲ್ಲಿ ಮರಳು ಬೆರೆಸ್ತಾನೆ ಕಣೇ ಅಮೀನಾ. ನುಣ್ಣಗೆ ಬೀಸ್ಕೊಡು" ಎಂದು ಡಬ್ಬ ಇಳಿಸಿದರು. ಸಂಜೆ ಹೊತ್ತಿಗೆ ಮಿಲ್ಲಿನ ಮುಂದೆ ಸಾಲು.

ಅಮೀನಾಬಿಗೆ ಹೊಲಿಗೆ ಯಂತ್ರದ ಗುರುತು ಸಿಕ್ಕಿತು, ಅವಳಿಗೆ ಗುಂಡಿ ಹಾಕಲೂ ಬರುತ್ತಿರಲಿಲ್ಲ. ಯಶಸ್ವಿನಿಗೆ ಆಟೋ. ಅಮೀನಾಬಿ ಪ್ರಚಾರಕ್ಕೆಂದು ಎಲ್ಲಿಗೂ ಹೋಗಲಿಲ್ಲ, ಜನರೇ ಹಿಟ್ಟಿಗೆ ಬರುತ್ತಿದ್ದರಲ್ಲ. "ಯಾರಿಗಾದ್ರೂ ಹಾಕಿ, ಒಟ್ಟು ಹಾಕಿ. ಮನೇಲಿ ಕೂರ್ಬೇಡಿ" ಎಂದು ಎಲ್ಲರಿಗೂ ಹೇಳಿದಳು. ಹದಿನೈದು ವರ್ಷದಿಂದ ಊರಿನ ಓಟೇ ನೋಡದ ಹುಡುಗಿಯರಿಗೆ, ಮುದ್ರೆ ಒತ್ತಿದ ಮೇಲೆ ಕಾಗದವನ್ನು ಶಾಯಿ ಅಂಟದಂತೆ ಹೇಗೆ ಮಡಿಸಬೇಕೆಂದು ರಾಗಿಯ ತೂಕ ಬರೆಯುವ ಚೀಟಿಯನ್ನೇ ಮಡಿಸಿ ತೋರಿಸಿದಳು. ಇಂಥ ಅಭ್ಯರ್ಥಿಯನ್ನು ಕಂಡು ಜನರಿಗೆ ಅಯ್ಯೋ ಅನ್ನಿಸತೊಡಗಿತು.

ಒಂದು ಮಧ್ಯಾಹ್ನ ಮಲ್ಲೇಶ್ ಹೆಂಡತಿಯನ್ನು ಕರೆದುಕೊಂಡು ಆ ಬೀದಿಗೆ ಬಂದ. ಜೊತೆಗೆ ಏಳೆಂಟು ಜನ. ಒಂದು ಮನೆಯನ್ನೂ ಬಿಡಬಾರದು ಎಂದು ಪರ್ವತಯ್ಯನವರ ಅಪ್ಪಣೆಯಾಗಿತ್ತು. ಸಾಲುಮನೆ ಮುಗಿಸುತ್ತಾ ಮಿಲ್ಲಿನ ಮುಂದೆ ಬಂದು ನಿಂತಾಗಲೇ ಮಲ್ಲೇಶನಿಗೆ ಇದು ಯಾರ ಬಾಗಿಲೆಂದು ಹೊಳೆದದ್ದು. ಹಿಂದಿದ್ದವರು ಕಿಸಕ್ಕೆಂದರು. ತಿರುಗಿ ಹೋದರೆ ಅಪಹಾಸ್ಯ, ನಿಂತರೆ ಇನ್ನೂ ಅಪಹಾಸ್ಯ. ಅವನು ಕೈಮುಗಿದು ಏನೋ ಗೊಣಗಿದ.

ಒಳಗೆ ಮಿಲ್ಲು ಓಡುತ್ತಿತ್ತು. ಅಮೀನಾಬಿ ಕಿವಿಗೆ ಕೈ ಹಚ್ಚಿ, "ಏನಪ್ಪಾ? ಜೋರಾಗಿ ಹೇಳು, ಕೇಳ್ಸಾಕಿಲ್ಲ!" ಎಂದಳು.

"ಓಟು..."

"ಆಂ?"

"ನಿಮ್ಮ ಓಟು ನಮಗೆ ಹಾಕೀ ಅಮೀನಕ್ಕಾ!" ಮಲ್ಲೇಶ್ ಗಂಟಲು ಹರಿಯುವಂತೆ ಕೂಗಿದ.

ಬೀದಿಗೆ ಬೀದಿಯೇ ಕೇಳಿತು. ಅಮೀನಾಬಿ ಹಿಟ್ಟಿನ ಕೈಯನ್ನು ಸೆರಗಿಗೆ ಒರೆಸಿಕೊಂಡು ಬಾಗಿಲಿಗೆ ಬಂದಳು. ಅವಳಿಗೆ ನಗು ಬರಬೇಕಿತ್ತು. ಬಂದದ್ದು ಬೇರೆ ಏನೋ, ಎದೆ ತುಂಬಿದ ಹಾಗೆ. "ಕೇಳಿದ್ಯಲ್ಲ, ಹಾಕ್ತೀನಿ ಬುಡು" ಎಂದಳು. ಗುಂಪು ಗೊಳ್ಳೆಂದಿತು. ಯಶಸ್ವಿನಿ ಮಾತ್ರ ಮಾಸ್ಕಿನ ಮೇಲಿನ ಎರಡು ಕಣ್ಣಿನಿಂದ ಅವಳನ್ನು ನೆಟ್ಟಗೆ ನೋಡಿದಳು.

ಓಟಿನ ದಿನ ಕಳ್ಳಿಪಾಳ್ಯದ ಸ್ಕೂಲಿನ ಮುಂದೆ ಹಬ್ಬಕ್ಕೆ ಸೇರಿದ ಹಾಗೆ ಜನ ಸೇರಿದರು. ಹಾಸಿಗೆ ಹಿಡಿದಿದ್ದವರನ್ನು ಟ್ರ್ಯಾಕ್ಟರ್ ಟ್ರೈಲರ್‌ನಲ್ಲಿ ಕರೆತಂದರು. ರಟ್ಟಿನ ಮರೆಯೊಳಗೆ ನಿಂತ ಅಮೀನಾಬಿ ಹೊಲಿಗೆ ಯಂತ್ರದ ಪಕ್ಕ ತನ್ನ ಹೆಸರನ್ನು ಒಂದು ಸಲ ಓದಿಕೊಂಡಳು. ಅಚ್ಚಿನಲ್ಲಿ ಚೆನ್ನಾಗಿ ಕಾಣುತ್ತಿತ್ತು. ಆಮೇಲೆ ಕೊಟ್ಟ ಮಾತಿನಂತೆ ಆಟೋಗೆ ಒತ್ತಿ ಬಂದಳು.

ವರ್ಷದ ಕೊನೆಯಲ್ಲಿ ಶಿರಾದಲ್ಲಿ ಎಣಿಕೆ. ನಿಯಾಜ್ ಅಹಮದ್ ಟಿವಿಎಸ್ ಗಾಡಿಯಲ್ಲಿ ಅವಳನ್ನು ಕರೆದೊಯ್ದ. ಅವಳ ಮನಸ್ಸಿನಲ್ಲಿ ಒಂದೇ ಅಳುಕಿತ್ತು. ಸೊನ್ನೆ ಬಂದರೆ? ತನ್ನ ಓಟೂ ತನಗಿಲ್ಲ. ಸೋಲಿಗೆ ನಾಚಿಕೆಯಿಲ್ಲ, ಸೊನ್ನೆಗೆ ನಾಚಿಕೆಯುಂಟು. ಕಟ್ಟುಗಳನ್ನು ಬಿಚ್ಚಿ, ಎಣಿಸಿ, ಮತ್ತೊಮ್ಮೆ ಎಣಿಸಿ, ಅಧಿಕಾರಿ ಮೈಕಿನಲ್ಲಿ ಹೇಳಿದರು: ಕಳ್ಳಿಪಾಳ್ಯ, ಹೊಲಿಗೆ ಯಂತ್ರದ ಗುರುತಿನ ಅಮೀನಾಬಿ, ಹದಿನಾಲ್ಕು ಮತಗಳ ಅಂತರದಿಂದ ಗೆಲುವು.

ಮಲ್ಲೇಶ್ ಮೂರನೇ ಎಣಿಕೆ ಕೇಳಿದ. ಅಮೀನಾಬಿಯೂ ಕೇಳಿದಳು.

ಹೇಗಾಯಿತೆಂದು ತಿಳಿದದ್ದು ನಂತರದ ದಿನಗಳಲ್ಲಿ. ಹಿಟ್ಟಿಗೆ ಬಂದ ಒಬ್ಬೊಬ್ಬರೂ ಸುತ್ತ ನೋಡಿ, ಮೆಲ್ಲಗೆ ಹೇಳಿ ಹೋದರು. ಮೊದಲು ಚಿಕ್ಕನರಸಯ್ಯ. "ಹಾಕಬಾರ್ದು ಅಂತಿದ್ದೆ ಕಣಮ್ಮ. ಒಳಗೆ ಹೋದ್ಮೇಲೆ ನೋಡು, ಪಾಪ ಒಂದೂ ಬೀಳಲ್ವಲ್ಲ ಅನ್ನಿಸ್ಬುಡ್ತು. ಹೆಂಗೂ ಊರೆಲ್ಲ ಆಟೋಗೆ ಹಾಕ್ತದೆ, ನಂದೊಂದು ಇರ್ಲಿ ಅಂತ ಒತ್ತಿದೆ." ಅವನ ಹೆಂಡತಿಯೂ ಗಂಡನಿಗೆ ಹೇಳದೆ ಹಾಗೇ ಮಾಡಿದ್ದಳು. ಹೋಟೆಲಿನವನು, ಹಾಲು ಅಳೆಯುವವನು, ಟ್ರೈಲರ್‌ನಲ್ಲಿ ಬಂದ ಮುದುಕಿಯರು, ಎಲ್ಲರದೂ ಅದೇ ಕತೆ. ಕೊನೆಗೆ ಕರಿಬಸಮ್ಮ. "ನಮ್ಮ ಮನೇಲಿ ಯಾರಿಗೂ ಹೇಳ್ಬೇಡ ಕಣೇ. ಗಂಡನೂ ಹಾಕಲ್ಲ ಅಂದ ಅಂತ ಊರೆಲ್ಲ ಹೇಳ್ತಿದ್ರು. ಕರುಳು ಚುರ್ ಅಂತು. ಸೊಸೇಗೆ ನಂದೊಂದು ಇಲ್ದಿದ್ರೆ ಏನಾಗ್ತದೆ ಅಂದ್ಕಂಡೆ."

ಹೀಗೆ ಇಡೀ ಊರು ಒಬ್ಬರಿಗೊಬ್ಬರು ತಿಳಿಯದಂತೆ ಅವಳ ಮರ್ಯಾದೆ ಉಳಿಸಲು ಹೋಗಿ ಅವಳನ್ನು ಗೆಲ್ಲಿಸಿತ್ತು. ಪರ್ವತಯ್ಯನವರು ಹದಿನೈದು ವರ್ಷ ಜಗುಲಿಯಲ್ಲಿ ಕೂರಿಸಿ ತಂದ ಒಗ್ಗಟ್ಟು ಈ ಸಲ ಯಾರೂ ಹೇಳದೆ ತಾನಾಗಿಯೇ ಬಂದಿತ್ತು, ವಿಳಾಸ ಮಾತ್ರ ತಪ್ಪಿತ್ತು.

ಹಾರ ಹಾಕಿಸಿಕೊಂಡ ದಿನ ಖುಷಿಯಲ್ಲಿದ್ದ ಅಮೀನಾಬಿ ಇದನ್ನೆಲ್ಲ ಕೇಳುತ್ತಾ ಕೇಳುತ್ತಾ ಕುಗ್ಗಿದಳು. "ಯಾರೂ ನನ್ನ ಆರಿಸ್ಲಿಲ್ಲ ಕಣ್ರೀ," ಎಂದಳು ಗಂಡನಿಗೆ, "ಅಯ್ಯೋ ಅಂದ್ರು, ಅಷ್ಟೇ."

ನಿಯಾಜ್ ಅಹಮದ್ ಬೆಲ್ಟಿಗೆ ಎಣ್ಣೆ ಬಿಡುತ್ತಿದ್ದ. "ಆರಿಸಿದ್ರು. ಯಾಕೆ ಅಂತ ಬರೆಯೋಕೆ ಆ ಕಾಗದದಲ್ಲಿ ಜಾಗ ಇರ್ಲಿಲ್ಲ," ಎಂದ. ಎಣ್ಣೆಯ ಡಬ್ಬ ಕೆಳಗಿಟ್ಟು, ಅವಳ ಕಡೆ ನೋಡದೆ, "ನಾನೂ ನಿಂಗೇ ಹಾಕಿದ್ದು" ಎಂದ.

"ಅಯ್ಯೋ ಅಂತಾನಾ?"

"ರಾಗಿ ನಿಂತಾಗ ವಾಪಸ್ ತೆಗೀಲಾ ಅಂದ್ಯಲ್ಲ, ಅದಕ್ಕೆ."

ಪಂಚಾಯ್ತಿಯ ಮೊದಲ ಮೀಟಿಂಗಿಗೆ ಹೋದಾಗ ಅಲ್ಲಿ ಹೆಂಗಸರ ಕುರ್ಚಿಗಳಲ್ಲಿ ಅವರವರ ಗಂಡಂದಿರು ಕೂತಿದ್ದರು. ಅಧಿಕಾರಿಯು ನಿಯಾಜ್ ಅಹಮದ್‌ಗೂ ಒಂದು ಕುರ್ಚಿ ಎಳೆದು, "ಬನ್ನಿ ಸಾಹೇಬ್ರೇ, ಮೇಡಂ ಹೊರಗೆ ನೆರಳಲ್ಲಿ ಕೂತ್ಕೊಳ್ಲಿ" ಎಂದರು. ಅವನು ಗಾಬರಿಯಾಗಿ, "ನಂಗೆ ಮೀಟಿಂಗೆಲ್ಲ ಬರಲ್ಲ ಸ್ವಾಮಿ, ಓಟು ಬಿದ್ದಿರೋದು ಇವ್ಳಿಗೆ" ಎಂದು ಹೊರಗೆ ಹೊಂಗೆ ಮರದ ಕೆಳಗೆ ಹೋಗಿ ಕೂತ. ಅಮೀನಾಬಿ ಒಳಗೆ ಬಾಯಿ ತೆರೆದಳು. ಆ ದನಿ ಕೇಳಿ ಪಕ್ಕದ ಪಶು ಆಸ್ಪತ್ರೆಯ ಕಾಂಪೌಂಡರ್ ಜಗಳವೆಂದುಕೊಂಡು ಓಡಿ ಬಂದ. ಅವಳು ಹೇಳಿದ್ದು ನಮಸ್ಕಾರ ಎಂದಷ್ಟೆ.

ಮೆಂಬರಾದವರು ಏನು ಮಾಡಬೇಕೆಂದು ಅವಳಿಗೆ ಯಾರೂ ಹೇಳಿಕೊಟ್ಟಿರಲಿಲ್ಲ. ಏನು ಮಾಡಬೇಕಿಲ್ಲವೆಂದೂ ಹೇಳಿಕೊಟ್ಟಿರಲಿಲ್ಲ. ಆದ್ದರಿಂದ ಪ್ರತಿ ಮೀಟಿಂಗಿಗೂ ಮುಂಚೆ ಮನೆಮನೆಗೆ ಹೋಗಿ, "ನಾಳೆ ಮೀಟಿಂಗು, ನಿಮ್ಮದೇನಾದ್ರೂ ಹೇಳ್ಬೇಕಾ?" ಎಂದು ಕೇಳಿದಳು. ಹಾಗೆ ಮಾಡಲೇಬೇಕೆಂದು ಕಾನೂನಿದೆಯೆಂದೇ ಅವಳ ನಂಬಿಕೆ. ಕೆಲವು ಕೆಲಸ ಆದವು, ಹಲವು ಆಗಲಿಲ್ಲ. ಚರಂಡಿ ಆಯಿತು, ಅರ್ಧ. ಬೀದಿದೀಪ ಬಂತು, ಹಗಲೂ ಉರಿಯತೊಡಗಿತು. ಇನ್ನು ಅವಳ ಬೀದಿಯ ನಲ್ಲಿ: ಅದನ್ನು ಮೊದಲು ಮಾಡಿಸಿದರೆ ತನ್ನ ಮನೆಗೆ ಮಾಡಿಕೊಂಡಳು ಎನ್ನುತ್ತಾರೆಂದು ಹಿಂದಕ್ಕೆ ಹಾಕಿ ಹಾಕಿ, ಊರೆಲ್ಲ ಮುಗಿದ ಮೇಲೆ ನಾಲ್ಕನೇ ವರ್ಷ ನೀರು ಬಂತು. ಅಲ್ಲಿಯವರೆಗೆ ಬೀದಿಯವರು, "ಮಲ್ಲೇಶನೇ ವಾಸಿಯಿದ್ದ, ಅವನ ಕಾಲದಾಗೆ ಗಾಳಿಯಾದ್ರೂ ಬರ್ತಿತ್ತು" ಎಂದು ಅವಳಿಗೆ ಕೇಳುವಂತೆಯೇ ಆಡಿಕೊಂಡರು. ಅದು ಅವಳಿಗೆ ಬೇಜಾರಾಗಲಿಲ್ಲ ಎಂದರೆ ಸುಳ್ಳು.

ಹೀಗೆ ಐದು ವರ್ಷ ಮುಗಿಯುತ್ತಾ ಬಂತು. ಮುಂದಿನ ಚುನಾವಣೆಯ ತಾರೀಖು ಬಂದಿರಲಿಲ್ಲ, ಮೀಸಲಾತಿ ಗೊತ್ತಾಗಿರಲಿಲ್ಲ. ಅಷ್ಟರಲ್ಲೇ ಒಂದು ಸಂಜೆ ಪರ್ವತಯ್ಯನವರು ಅವಳನ್ನು ಡೈರಿಗೆ ಕರೆಸಿದರು. ಈಗ ಕೋಲು ಹಿಡಿದಿದ್ದರು. ಹತ್ತಾರು ಜನ ಕೂತಿದ್ದರು.

"ಅಮೀನಮ್ಮ, ನೀನು ಚೆನ್ನಾಗಿ ಮಾಡ್ದೆ. ನಾವೆಲ್ಲ ಮಾತಾಡ್ಕೊಂಡ್ವಿ. ಸೀಟು ಹೆಂಗಾದ್ರೂ ಬರ್ಲಿ, ನೀನು ನಿಲ್ಲೋ ಹಂಗಿದ್ರೆ ಈ ಸಲ ನೀನೇ. ಅವಿರೋಧ!"

ಎಲ್ಲರೂ ಚಪ್ಪಾಳೆ ತಟ್ಟಿದರು. ಮಲ್ಲೇಶನೂ ತಟ್ಟಿದ. ಅಮೀನಾಬಿ ಕೈಯೆತ್ತಿ ತಡೆದಳು. "ಓಟು ಇಲ್ಲದಿದ್ರೆ ನಂಗೆ ಬೇಡ ಯಜಮಾನ್ರೇ" ಎಂದಳು. "ಎಷ್ಟು ವಿನಯ ನೋಡಿ!" ಎಂದು ಎಲ್ಲರೂ ಇನ್ನೊಮ್ಮೆ ತಟ್ಟಿದರು.

ಮಾರನೇ ದಿನದಿಂದ ಅವಳು ಎದುರಾಳಿಯನ್ನು ಹುಡುಕತೊಡಗಿದಳು. ಚಿಕ್ಕನರಸಯ್ಯನ ಹೆಂಡತಿ ಕೈಮುಗಿದು ಒಳಗೆ ಹೋದಳು. ಹೋಟೆಲಿನವನ ಅಕ್ಕ, "ನಿನ್ನ ಎದುರು ನಿಂತ್ರೆ ಜನ ಏನಂತಾರೆ?" ಎಂದಳು. ಯಾರನ್ನು ಕೇಳಿದರೂ ಅದೇ. ಕೊನೆಗೆ ಅವಳು ಹೋಗಿದ್ದು ಪರ್ವತಯ್ಯನವರ ಮನೆಗೆ. ಗಂಡಸರಿಲ್ಲದ ಹೊತ್ತು ನೋಡಿ ಹಿತ್ತಲಿನಿಂದ ಹೋದಳು. ಯಶಸ್ವಿನಿ ಬಟ್ಟೆ ಹಿಂಡುತ್ತಿದ್ದಳು. ಕರಿಬಸಮ್ಮ ಮೆಟ್ಟಿಲ ಮೇಲೆ ಅವರೆಕಾಯಿ ಸುಲಿಯುತ್ತಿದ್ದರು.

"ತಾಯಿ, ಈ ಸಲ ನೀನು ನಿಂತ್ಕೋಬೇಕು," ಎಂದಳು ಅಮೀನಾಬಿ. "ಹೋದ ಸಲಾನೂ ನೀನು ಗೆಲ್ಲಲಿ ಅಂತಾನೇ ಇದ್ದೆ. ನಾನು ಹಾಕಿದ್ದೂ ನಿಂಗೇ."

ಯಶಸ್ವಿನಿ ಬಟ್ಟೆಯನ್ನು ಬಕೆಟ್ಟಿಗೆ ಬಿಟ್ಟಳು. "ನಾನು ನಿಮಗೆ ಹಾಕಿದ್ದೆ ಅಕ್ಕ," ಎಂದಳು.

"ನೀನೂ ಅಯ್ಯೋ ಪಾಪ ಅಂತಾನಾ?"

"ಇಲ್ಲ. ನಾನು ಗೆದ್ದಿದ್ರೆ ಇವ್ರು ತಂದಿದ್ದಕ್ಕೆಲ್ಲ ಸೈನು ಹಾಕ್ಕೊಂಡು ಮನೇಲಿ ಕೂರ್ಬೇಕಿತ್ತು. ನೀವು ಬಾಗಿಲಲ್ಲಿ ನಿಲ್ಸಿ ಇವ್ರ ಕೈಲಿ ಕೂಗಿಸಿದ್ರಲ್ಲ, ಅವತ್ತೇ ಅಂದ್ಕೊಂಡೆ, ಈ ಯಮ್ಮ ಹೋಗ್ಲಿ ಅಂತ."

ಅಮೀನಾಬಿ ಒಗೆಯುವ ಕಲ್ಲಿನ ಮೇಲೆ ಕೂತುಬಿಟ್ಟಳು. ಐದು ವರ್ಷ ಒಳಗೇ ಇಟ್ಟುಕೊಂಡಿದ್ದ ನೋವಿಗೆ ಮದ್ದು ಎದುರಾಳಿಯ ಹಿತ್ತಲಿನಲ್ಲಿ ಸಿಗುವುದೆಂದು ಅವಳು ಎಣಿಸಿರಲಿಲ್ಲ. ಕರಿಬಸಮ್ಮ ಅವರೆಕಾಯಿ ಬಿಟ್ಟು ಸೊಸೆಯನ್ನೇ ನೋಡುತ್ತಿದ್ದರು. "ಲೇ, ನೀನೇ ನಿಂಗೆ ಹಾಕ್ಲಿಲ್ವೇನೇ? ಮತ್ತೆ ಆಟೋಗೆ ಈ ಮನೇಲಿ ಹಾಕ್ದೋರ್ಯಾರು?" ಎಂದರು. ಮಾತು ಬಾಯಿಂದ ಬಿದ್ದ ಮೇಲೆ ನಾಲಿಗೆ ಕಚ್ಚಿಕೊಂಡರು. ಮೂವರೂ ನಕ್ಕ ನಗುವಿಗೆ ಕೊಟ್ಟಿಗೆಯಲ್ಲಿ ಕರು ಬೆದರಿತು.

ನಗು ನಿಂತ ಮೇಲೆ ಯಶಸ್ವಿನಿ ಕೈ ಒರೆಸಿಕೊಂಡಳು. "ನಿಲ್ತೀನಿ ಅಕ್ಕ. ಮನೇಲಿ ಏನಾದ್ರೂ ಅನ್ಲಿ. ಆದ್ರೆ ಹೋದ ಸಲದ ಹಂಗಲ್ಲ, ಈ ಸಲ ನಿಂತ್ರೆ ಗೆಲ್ಲೋಕೇ ನಿಲ್ತೀನಿ. ನಿಮ್ಮ ಅರ್ಧ ಚರಂಡಿ ವಿಷ್ಯಾನೂ ಎತ್ತುತೀನಿ. ಆಮೇಲೆ ಬೇಜಾರು ಮಾಡ್ಕೋಬೇಡಿ."

"ನಂಗ್ಯಾಕೆ ಬೇಜಾರು? ನಂಗೆ ಬೇಕಾಗಿದ್ದೂ ಅದೇ" ಎಂದಳು ಅಮೀನಾಬಿ.

ಆದರೆ ಮನೆಗೆ ನಡೆದು ಬರುವಾಗ ಲೆಕ್ಕ ಹಾಕತೊಡಗಿದಳು. ಓದಿದ ಹುಡುಗಿ. ಮಾತು ಚುರುಕು. ಚರಂಡಿ ಅರ್ಧಕ್ಕೆ ನಿಂತದ್ದಕ್ಕೆ ಕಾರಣ ಅನುದಾನ, ಅಮೀನಾಬಿ ಅಲ್ಲ. ಅದನ್ನು ಜನರಿಗೆ ಬಿಡಿಸಿ ಹೇಳುವವರು ಯಾರು? ಗೆಲುವು ಬೇಡವೆಂದು ನಿಂತು ಗೆದ್ದಿದ್ದವಳಿಗೆ ಸೋಲು ಬೇಡವೆನ್ನಿಸಿದ್ದು ಅದೇ ಮೊದಲು. ನಾಚಿಕೆಯೂ ಆಯಿತು, ಸಿಟ್ಟೂ ಬಂತು.

"ಆ ಹುಡುಗಿ ನನ್ನ ಸೋಲಿಸ್ಬುಡ್ತಾಳೆ ಕಣ್ರೀ!" ಎಂದು ಮಿಲ್ಲಿನ ಬಾಗಿಲಲ್ಲೇ ಗಂಡನಿಗೆ ಹೇಳಿದಳು. ಆ ಹೊತ್ತು ಕರೆಂಟಿರಲಿಲ್ಲ. ಎದುರು ಮನೆಯವರು, "ಯಾರು, ಯಶಸ್ವಿನಿನಾ?" ಎಂದು ಅಲ್ಲಿಂದಲೇ ಕೇಳಿದರು.

ಚುನಾವಣೆ ಇನ್ನೂ ಮುಂದಕ್ಕೆ ಹೋಗುತ್ತದಂತೆ, ಅಲ್ಲಿಯವರೆಗೆ ಸರ್ಕಾರವೇ ಒ‌ಬ್ಬ ಆಡಳಿತಾಧಿಕಾರಿಯನ್ನು ಕೂರಿಸುತ್ತದಂತೆ ಎಂದು ಪಂಚಾಯ್ತಿ ಆಫೀಸಿನಲ್ಲಿ ಮಾತಾಡಿಕೊಳ್ಳುತ್ತಿದ್ದರು. ಅಮೀನಾಬಿ ಅದಕ್ಕೆಲ್ಲ ಕಾಯಲಿಲ್ಲ. ಮರುದಿನ ಬೆಳಗ್ಗೆ ಮಿಲ್ಲನ್ನು ಗಂಡನಿಗೆ ಬಿಟ್ಟು, ತೊಳೆದ ಸೀರೆಯುಟ್ಟು, ಓಟು ಕೇಳಲು ಊರಿನ ಆ ತುದಿಯ ಮೊದಲ ಮನೆಯ ಬಾಗಿಲು ತಟ್ಟಿದಳು.